ನಾಯಿ ಹತ್ತಿದ ಬಸ್ಸು

ನನಗೆ ನಾಯಿ ಎಂದರೆ ಭಯ. ಈಗಲೂ ಹೋಗಿಲ್ಲ. ಮನೆಯಲ್ಲೇ ಒಂದು ನಾಯಿ ಓಡಾಡಿಕೊಂಡಿರುವಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಗೌರಿಬಿದನೂರು ತಾಲ್ಲೂಕಿನಲ್ಲಿ, ತೊಂಡೇಬಾವಿ ಹತ್ತಿರದ ಒಂದು ಹಳ್ಳಿಯಲ್ಲಿ. ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಚಿಕ್ಕಮ್ಮನಿಗೆ ಹೊಲದ ಬದುವಿನ ಮೇಲೆ ನಾಯಿ ಕಚ್ಚಿತು. ಮೊಣಕಾಲ ಕೆಳಗೆ ಸಣ್ಣ ಗಾಯ. ಅರಿಶಿನ ಮೆತ್ತಿದರು, ಯಾರೋ ನಾಟಿ ಔಷಧಿ ಕೊಟ್ಟರು, ಗಾಯ ಒಣಗಿತು, ಎಲ್ಲರೂ ಮರೆತರು. ಎಷ್ಟೋ ವಾರಗಳಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮ ನೀರಿನ ಚೊಂಬು ನೋಡಿ ಕಿರುಚಿದಳು. ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಕಳಿಸಿದರು. ಎರಡು ಮನೆಗೂ ನಡುವೆ ಒಂದೇ ಗೋಡೆ. ನನಗೆ ಎಲ್ಲವೂ ಕೇಳಿಸಿತು. ಆಮೇಲೆ ಕೇಳಿಸುವುದು ನಿಂತಿತು.

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೂ ನಾನು ಹಾಲು ತರಲು ದೊಡ್ಡ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಹತ್ತಿರದ ದಾರಿಯಲ್ಲಿ ಕೋಳಿ ಅಂಗಡಿ ಇತ್ತು, ಅದರ ಮುಂದೆ ನಾಯಿಗಳು ಮಲಗಿರುತ್ತಿದ್ದವು. ನಮ್ಮ ಯಜಮಾನರು ನಗುತ್ತಿದ್ದರು. ಆಗ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು.

ಅವರು ಚಿಂತಾಮಣಿಯಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತರು. ನಲವತ್ತು ದಾಟುವ ಹೊತ್ತಿಗೆ ಅವರ ದೃಷ್ಟಿ ಅಂಚುಗಳಿಂದ ಒಳಕ್ಕೆ ಕತ್ತಲಾಗುತ್ತ ಬಂತು. ವಾಪಸ್ ಬರುವ ಕಣ್ಣಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಚೇರಿಯಲ್ಲಿ ಅಕ್ಷರ ಓದಿ ಹೇಳುವ ಕಂಪ್ಯೂಟರ್ ಹಾಕಿಕೊಟ್ಟರು, ಕೆಲಸ ಉಳಿಯಿತು. ಉಳಿಯದೆ ಹೋದದ್ದು ದಾರಿ. ಬಿಳಿ ಕೋಲು ಹಿಡಿದು ಓಡಾಡಿದರು, ಚರಂಡಿಗೆ ಬಿದ್ದರು. ಒಂದು ದಿನ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಬರುತ್ತಿದ್ದ ಬಸ್ಸಿನ ಹಿಂದೆ ನಿಂತುಬಿಟ್ಟಿದ್ದರು. ಯಾರೋ ಅಂಗಿಯ ಕಾಲರ್ ಹಿಡಿದು ಎಳೆದುಕೊಂಡರಂತೆ. ಆವತ್ತು ಮನೆಗೆ ಬಂದವರು ಊಟ ಮಾಡಲಿಲ್ಲ. ಕೈ ತೊಳೆದು ಕೂತು ಹೇಳಿದರು.

"ದಾರಿ ತೋರ್ಸೋ ನಾಯಿ ಅಂತ ಇರ್ತಾವಂತೆ. ಟ್ರೇನಿಂಗ್ ಕೊಟ್ಟಿರ್ತಾರೆ. ಒಂದು ತರಣ ಅಂತಿದೀನಿ. ನೀನು ಬ್ಯಾಡ ಅಂದ್ರೆ ಬ್ಯಾಡ."

ಬೇಡ ಎನ್ನಲು ಬಾಯಿ ತೆರೆದೆ. ಆ ಬಸ್ಸಿನ ಹಿಂದಿನ ಚಕ್ರ ಕಣ್ಣ ಮುಂದೆ ಬಂತು. "ತರ್ರಿ" ಎಂದೆ.

ಅವರು ದೂರದ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಇದ್ದು ನಾಯಿಯೊಂದಿಗೆ ಮರಳಿದರು. ಕಪ್ಪು ಬಣ್ಣದ ದೊಡ್ಡ ಹೆಣ್ಣು ನಾಯಿ. ಬೆನ್ನ ಮೇಲೆ ಚರ್ಮದ ಪಟ್ಟಿ, ಅದಕ್ಕೊಂದು ಗಟ್ಟಿ ಹಿಡಿ, ಕುತ್ತಿಗೆಪಟ್ಟಿಗೆ ಒಂದು ಹಗ್ಗ. ಅದು ಬೊಗಳುತ್ತಿರಲಿಲ್ಲ. ನನ್ನ ಅತ್ತೆಗೂ ಅದಕ್ಕೂ ಎರಡೇ ದಿನದಲ್ಲಿ ಸ್ನೇಹವಾಯಿತು. ನಾನು ಮಾತ್ರ ಕೋಣೆಯ ಚಿಲಕ ಹಾಕಿಕೊಂಡು ಮಲಗುತ್ತಿದ್ದೆ. ನೆಲದ ಮೇಲೆ ಅದರ ಉಗುರಿನ ಸದ್ದು ಟಕಟಕ ಎಂದು ಬಾಗಿಲ ತನಕ ಬಂದು ನಿಂತರೆ ಎದ್ದು ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದೆ. ಅನ್ನ ಹಾಕುವಾಗ ತಟ್ಟೆಯನ್ನು ಪೊರಕೆಯಿಂದ ಮುಂದಕ್ಕೆ ತಳ್ಳುತ್ತಿದ್ದೆ.

ಬಸ್ಸಿನಲ್ಲಿ ಮೊದಮೊದಲು ದಿನಾ ಮಾತುಕತೆ ಆಗುತ್ತಿತ್ತು. ಕೆಲವು ಕಂಡಕ್ಟರುಗಳು ಲಗೇಜ್ ಟಿಕೆಟ್ ತಗೊಳ್ಳಿ ಎನ್ನುತ್ತಿದ್ದರು, ಕೆಲವರು ಹತ್ತಿಸಿಕೊಳ್ಳುವುದೇ ಇಲ್ಲ ಎನ್ನುತ್ತಿದ್ದರು. ಯಜಮಾನರು ಕೇಂದ್ರದವರು ಕೊಟ್ಟ ಕಾರ್ಡು ತೋರಿಸಿ, ಇದು ಸಾಕು ನಾಯಿಯಲ್ಲ, ನನ್ನ ಕಣ್ಣು ಎಂದು ಹೇಳುತ್ತಿದ್ದರು. ಬರಬರುತ್ತಾ ಬೆಳಗಿನ ಒಂದು ಬಸ್ಸು, ಸಂಜೆಯ ಒಂದು ಬಸ್ಸು ಅಭ್ಯಾಸವಾದವು. ನಾಯಿ ಡ್ರೈವರ್ ಹಿಂದಿನ ಸೀಟಿನ ಅಡಿ ಸುರುಳಿಯಾಗಿ ಮಲಗುತ್ತಿತ್ತು.

ಆ ಸಂಜೆ ನಾನೂ ಚಿಂತಾಮಣಿಯಲ್ಲಿದ್ದೆ. ನನ್ನ ಓರಗಿತ್ತಿಗೆ ಹೆರಿಗೆಯಾಗಿತ್ತು, ಆಸ್ಪತ್ರೆಗೆ ಹೋಗಿ ಮಗು ನೋಡಿಕೊಂಡು ಯಜಮಾನರ ಜೊತೆ ಊರಿಗೆ ಮರಳುವುದೆಂದು ಮಾತಾಗಿತ್ತು. ಅವರ ಮಾಮೂಲಿ ಬಸ್ಸು ಬರಲಿಲ್ಲ. ಕೆಟ್ಟು ನಿಂತಿದೆ ಎಂದರು. ಕಾದು ಕಾದು ಕೊನೆಗೆ ಬಂದ ಪ್ರೈವೇಟ್ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿದೆವು. ವಿಪರೀತ ರಶ್ ಇತ್ತು. ಆ ನೂಕಾಟದಲ್ಲಿ ಕಂಡಕ್ಟರ್ ನಾಯಿಯನ್ನು ನೋಡಿರಲಿಲ್ಲ. ಯಾರೋ ಪುಣ್ಯಾತ್ಮರು ಎದ್ದು ಯಜಮಾನರಿಗೆ ಸೀಟು ಕೊಟ್ಟರು. ನಾಯಿ ಅವರ ಕಾಲ ಹತ್ತಿರ ನುಸುಳಿತು. ನಾನು ಕಂಬಿ ಹಿಡಿದು ನಿಂತೆ, ಅದರಿಂದ ಒಂದು ಮಾರು ದೂರದಲ್ಲಿ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಜಮಾನರ ಮುಂದಿನ ಸೀಟಿನಲ್ಲಿ ಬುರ್ಖಾ ಹಾಕಿದ ತಾಯಿಯ ಮಡಿಲಿಗೆ ಒರಗಿದ್ದ ಪುಟ್ಟ ಹುಡುಗಿ ಕೆಳಗೆ ಬಿದ್ದ ಬಿಸ್ಕತ್ತಿಗಾಗಿ ಬಗ್ಗಿತು. ಸೀಟಿನ ಅಡಿಯಲ್ಲಿ ನಾಯಿಯ ಮುಖ ಅದರ ಮುಖಕ್ಕೆ ಎದುರಾಯಿತು. ಹುಡುಗಿ ಕಿರುಚಿದ ದನಿ ನನಗೆ ಗೊತ್ತಿದ್ದ ದನಿ. ಅಳುವಲ್ಲ, ಉಸಿರು ಕಿತ್ತುಕೊಂಡು ಬರುವ ಕೂಗು. "ಅಮ್ಮೀ, ಅಮ್ಮೀ" ಎನ್ನುತ್ತ ತಾಯಿಯ ಕತ್ತಿನ ಮೇಲೆ ಹತ್ತಿಬಿಟ್ಟಿತು.

"ಹೋದ್ ತಿಂಗ್ಳು ನಾಯಿ ಕಚ್ಚೈತೆ ಇವ್ಳಿಗೆ" ಎಂದಳು ತಾಯಿ. ಮಗಳನ್ನು ಎರಡೂ ಕೈಯಿಂದ ಅವುಚಿಕೊಂಡಳು. "ಇನ್ನೂ ಕನಸಲ್ಲಿ ಬೆಚ್ಚಿ ಬೀಳ್ತಾಳೆ. ದೂರ ಕೂರ್ಸಿ ಅಷ್ಟೇ, ಬೇರೇನ್ ಬ್ಯಾಡ."

ನಾನು ಜನರ ನಡುವೆ ತೂರಿಕೊಂಡು ಅವಳ ಹತ್ತಿರ ಹೋದೆ. "ನಂಗೂ ನಾಯಿ ಅಂದ್ರೆ ಭಯಾನೇ ಕಣಮ್ಮ. ಇದು ಏನೂ ಮಾಡಲ್ಲ. ನೀವು ಮುಂದ್ಗಡೆ ಹೋಗಿ ಕೂತ್ಕಳಿ, ನಾವು ಹಿಂದೇನೇ ಇರ್ತೀವಿ" ಎಂದೆ. ಅವಳು ನನ್ನನ್ನು ನೋಡಿದಳು. ತಲೆಯಾಡಿಸಿ ಏಳಲು ಹೊರಟಳು. ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಅಷ್ಟರಲ್ಲಿ ಮಾತು ನಮ್ಮಿಬ್ಬರ ಕೈ ತಪ್ಪಿತ್ತು. "ಬಸ್ಸಲ್ಲಿ ನಾಯಿ ಯಾರ್ರೀ ಹತ್ಸಿದ್ದು?" ಎಂದು ಒಂದು ದನಿ. "ಕುಕ್ಕನಾ? ಎಕ್ಕಡಾ?" ಎಂದು ತೆಲುಗಿನಲ್ಲಿ ಇನ್ನೊಂದು. ಕಂಡಕ್ಟರ್ ಬಂದ. ಚಿಕ್ಕ ವಯಸ್ಸಿನವನು, ಬೆವತಿದ್ದ.

"ಇಳ್ಸಿ ಸಾರ್ ಅದನ್ನ. ಯಾರಿಗಾದ್ರೂ ಕಚ್ಚಿದ್ರೆ ನನ್ ಕೆಲ್ಸ ಹೋಯ್ತದೆ."

"ಇದು ಗೈಡ್ ನಾಯಿ ಕಣಪ್ಪ. ಬಸ್ಸಲ್ಲಿ ಕರ್ಕೊಂಡ್ ಹೋಗಕ್ಕೆ ನಂಗೆ ಹಕ್ಕೈತೆ. ಕಾರ್ಡ್ ನೋಡು" ಎಂದು ಯಜಮಾನರು ಜೇಬಿನಿಂದ ಕಾರ್ಡು ತೆಗೆದು ಚಾಚಿದರು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವರ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಆಮೇಲೆ ದನಿ ಬಂದ ಕಡೆಗೆಲ್ಲ ಕಾರ್ಡನ್ನು ತಿರುಗಿಸತೊಡಗಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಹೆದರಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ದಪ್ಪ ಮೀಸೆಯ ಒಬ್ಬಾತ ಬೂಟುಗಾಲಿನಿಂದ ನಾಯಿಯ ಪಕ್ಕೆಗೆ ಒತ್ತಿದ. ಅದು ಕುಂಯ್ ಎನ್ನದೆ ಯಜಮಾನರ ಕಾಲಿಗೆ ಇನ್ನಷ್ಟು ಅಂಟಿಕೊಂಡಿತು. "ಒದೀಬ್ಯಾಡ್ರಿ, ಮೂಕ ಪ್ರಾಣಿ" ಎಂದರು ಹಿಂದಿನಿಂದ ಒಬ್ಬ ಮುದುಕರು. "ಹಂಗಾದ್ರೆ ನಿಮ್ ತೊಡೆ ಮೇಲೆ ಮಲಗಿಸ್ಕಳಿ" ಎಂದ ಮೀಸೆಯವನು. ನಕ್ಕರು ಕೆಲವರು. ಇನ್ನು ಕೆಲವರು ಇಳಿಸಿ ಇಳಿಸಿ ಎಂದು ಬಸ್ಸಿನ ತಗಡು ಬಡಿದರು. ಡ್ರೈವರ್ ಬ್ರೇಕ್ ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದೆವು. ಆ ಗಲಿಬಿಲಿಯಲ್ಲಿ ಯಾರೋ ನಾಯಿಯ ಹಗ್ಗ ಹಿಡಿದು ಬಾಗಿಲಿನ ಕಡೆ ಎಳೆದರು. ಯಜಮಾನರು ಹಿಡಿಯನ್ನು ಬಿಡಲಿಲ್ಲ. ನಾಯಿಯ ಜೊತೆ ಅವರೂ ಎಳೆಸಿಕೊಂಡು ಹೋದರು. ಎದುರಿಗೆ ಫುಟ್‌ಬೋರ್ಡಿನ ಮೆಟ್ಟಿಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ರೀ, ಮೆಟ್ಲು" ಎಂದು ಕೂಗಿ ಅವರ ಸೊಂಟ ತಬ್ಬಿ ಹಿಡಿದೆ. ಹೇಗೆ ಇಳಿದೆವೋ ಗೊತ್ತಿಲ್ಲ. ಕಾಲು ನೆಲಕ್ಕೆ ತಾಗಿತು. ಬಸ್ಸು ಹೊರಟಿತು. ಕಿಟಕಿಯಲ್ಲಿ ಆ ತಾಯಿಯ ಮುಖ ಕಂಡಿತು, ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ.

ಹೊತ್ತು ಮುಳುಗಿತ್ತು, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಕಡೆ ದ್ರಾಕ್ಷಿ ತೋಟದ ತಂತಿ ಬೇಲಿ, ಇನ್ನೊಂದು ಕಡೆ ಹಿಪ್ಪುನೇರಳೆ. ಮನೆ ಇಲ್ಲ, ಅಂಗಡಿ ಇಲ್ಲ. ಯಜಮಾನರ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿದಿತ್ತು. ಕಾರ್ಡೂ ಇಲ್ಲ.

"ಎಲ್ಲಿದೀವಿ?" ಎಂದರು.

"ಗೊತ್ತಿಲ್ಲ ರೀ" ಎಂದೆ.

ವಾಸನೆ ಮೊದಲು ಬಂತು. ಸ್ವಲ್ಪ ಮುಂದೆ ರಸ್ತೆ ಬದಿಯಲ್ಲಿ ಕೋಳಿಫಾರಂನವರು ಪುಕ್ಕ, ಕರುಳು ಸುರಿದಿದ್ದರು. ಆ ಗುಡ್ಡೆಯ ಹಿಂದಿನಿಂದ ನಾಯಿಗಳು ತಲೆ ಎತ್ತಿದವು. ಒಂದು, ಆಮೇಲೆ ಎರಡು, ಆಮೇಲೆ ಒಂದು ಹಿಂಡೇ. ನಮ್ಮ ನಾಯಿಯನ್ನು ನೋಡಿ ಬೊಗಳಲು ಶುರು ಮಾಡಿದವು. ಬೊಗಳುತ್ತ ರಸ್ತೆಗೆ ಬಂದವು. ಓಡಬೇಕೆನಿಸಿತು. ಓಡಿದರೆ ಅವರನ್ನು ಬಿಟ್ಟು ಓಡಬೇಕು.

"ಎಷ್ಟವೆ?" ಎಂದು ಯಜಮಾನರು ಪಿಸುಗುಟ್ಟಿದರು.

"ಎರಡೋ ಮೂರೋ" ಎಂದು ಸುಳ್ಳು ಹೇಳಿದೆ.

ನಮ್ಮ ನಾಯಿ ತಿರುಗಿ ಬೊಗಳಲಿಲ್ಲ. ಹಾಗೆ ಕಲಿಸಿದ್ದರು ಅದಕ್ಕೆ. ಅದು ಯಜಮಾನರ ಮುಂದೆ ಅಡ್ಡವಾಗಿ ನಿಂತಿತು, ಹಿಂದಕ್ಕೆ ಸರಿಯುತ್ತ ಸರಿಯುತ್ತ ನನ್ನ ಮೊಣಕಾಲಿಗೆ ಬಂದು ಒತ್ತಿತು. ಸೀರೆಯ ಮೇಲಿಂದಲೇ ನನಗೆ ಗೊತ್ತಾಯಿತು. ಅದು ಗಡಗಡ ನಡುಗುತ್ತಿತ್ತು. ನಾನು ಬಗ್ಗಿ ಕೈಗೆ ಸಿಕ್ಕಿದ ಕಲ್ಲು ತೆಗೆದುಕೊಂಡೆ. ಎಸೆದೆ. ಯಾವುದಕ್ಕೂ ತಾಗಲಿಲ್ಲ. ಇನ್ನೊಂದು ಎಸೆದೆ. ಹಿಂಡು ಎರಡು ಹೆಜ್ಜೆ ಸರಿದು ಮತ್ತೆ ಬಂತು. ಎಡಗೈಯಲ್ಲಿ ನಮ್ಮ ನಾಯಿಯ ಕುತ್ತಿಗೆಪಟ್ಟಿಯನ್ನು ಹಿಡಿದಿದ್ದೇನೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅದುವರೆಗೆ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತೆವೋ. ಹೆಡ್‌ಲೈಟು ಬಿತ್ತು. ಸೊಪ್ಪಿನ ಕಂತೆ ತುಂಬಿದ ಒಂದು ಲಗೇಜ್ ಆಟೋ. ಡ್ರೈವರ್ ಹಾರನ್ ಒತ್ತಿಕೊಂಡೇ ಹಿಂಡಿನ ಮಧ್ಯಕ್ಕೆ ಗಾಡಿ ನುಗ್ಗಿಸಿದ. ನಾಯಿಗಳು ಚದುರಿದವು.

"ಈ ಜಾಗದಾಗೆ ಯಾಕ್ ನಿಂತ್ಕಂಡಿದೀರಮ್ಮ? ಮೊನ್ನೆ ಇವು ಕುರಿ ಹಿಡ್ದವೆ. ಬೇಗ ಹತ್ತಿ, ನಾಯೀನೂ ಹತ್ಸಿ."

ಸೊಪ್ಪಿನ ಮೇಲೆ ಕೂತು ಶಿಡ್ಲಘಟ್ಟಕ್ಕೆ ಬಂದೆವು. ದಾರಿಯುದ್ದಕ್ಕೂ ಯಜಮಾನರು ನಾಯಿಯ ತಲೆ ಸವರುತ್ತಿದ್ದರು. ಮನೆ ಹತ್ತಿರ ಬಂದಾಗ, "ನಾಳೆಯಿಂದ ರಜಾ ಹಾಕ್ತೀನಿ" ಎಂದರು.

ಹಾಕಿದರು ಕೂಡ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತವರು ಏಳುತ್ತಿರಲಿಲ್ಲ. ಬೆಳಿಗ್ಗೆ ಅವರ ಬಸ್ಸಿನ ಹೊತ್ತಿಗೆ ನಾಯಿ ಎದ್ದು ತನ್ನ ಪಟ್ಟಿ ನೇತುಹಾಕಿದ ಗೂಟದ ಕೆಳಗೆ ನಿಲ್ಲುತ್ತಿತ್ತು. ಅವರು "ಹೋಗು, ಮಲಿಕ್ಕೋ" ಎನ್ನುತ್ತಿದ್ದರು. ಅವರು ಇನ್ನು ಯಾವತ್ತೂ ಹೊರಗೆ ಹೋಗುವುದಿಲ್ಲವೇನೋ ಎಂಬ ಭಯ ನನಗೆ ಹಿಡಿಯಿತು. ಅದು ನಾಯಿಯ ಭಯದಂತೆ ಬಂದು ಹೋಗುವುದಲ್ಲ, ಅಡಿಗೆ ಮಾಡುವಾಗಲೂ ಜೊತೆಗೇ ಇರುತ್ತಿತ್ತು.

ನಾಲ್ಕೈದು ದಿನದ ಮೇಲೆ ಗೇಟಿನ ಸದ್ದಾಯಿತು. ಬುರ್ಖಾದ ಹೆಂಗಸು ನಿಂತಿದ್ದಳು. ಬಸ್ಸಿನ ತಾಯಿ. ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಕಾರ್ಡು ಸೀಟ್ ಕೆಳಗೆ ಬಿದ್ದಿತ್ತು ಅಕ್ಕಾ. ಚಪ್ಪಲೀನೂ ತಂದಿದೀನಿ. ಅಡ್ರೆಸ್ ಕಾರ್ಡಲ್ಲೇ ಇತ್ತು."

ಒಳಗೆ ಬನ್ನಿ ಎಂದೆ. ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. "ಬ್ಯಾಡ. ಅದು ಒಳಗೈತಲ್ಲ" ಎಂದಳು. ಗೇಟಿನ ಆಚೆ ಅವಳು, ಈಚೆ ನಾನು. ಗಂಡ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುತ್ತಾನೆಂದೂ, ಮಗಳಿಗೆ ಕಚ್ಚಿದ ನಾಯಿ ಅವರ ಬೀದಿಯದೇ ಎಂದೂ ಹೇಳಿದಳು. ಚಿಕ್ಕಬಳ್ಳಾಪುರದ ಸಾರಿಗೆ ಕಚೇರಿಗೆ ದೂರು ಕೊಡಬೇಕೆಂದಿದ್ದೇನೆ, ಯಜಮಾನರು ಬೇಡ ಎನ್ನುತ್ತಿದ್ದಾರೆ ಎಂದು ನಾನು ಹೇಳಿದೆ. ನಾಯಿಯೇ ಮಗುವಿನ ಮೇಲೆ ಬಿತ್ತು ಎಂದು ಬಸ್ಸಿನವರು ತಿರುಗಿಸಿದರೆ ಏನು ಮಾಡುವುದು ಎಂಬುದು ಯಜಮಾನರ ಹೆದರಿಕೆಯಾಗಿತ್ತು.

ಅವಳು ಕವರನ್ನು ಗೇಟಿನ ಮೇಲಿಂದ ನನ್ನ ಕೈಗೆ ಕೊಟ್ಟಳು. "ನನ್ ಮಗ್ಳು ಹೆದರ್ಕೊಂಡಿದ್ದು ನಿಜ. ನಾಯಿ ಏನೂ ಮಾಡ್ಲಿಲ್ಲ, ಅದೂ ನಿಜ. ನಾನು ಹೇಳ್ತೀನಿ, ಎಲ್ಲಿ ಹೇಳ್ಬೇಕು?"

ನಾನೇ ದೂರು ಬರೆದು ಕಳಿಸಿದೆ. ವಿಚಾರಣೆಯ ದಿನ ಚಿಕ್ಕಬಳ್ಳಾಪುರದ ಕಚೇರಿಗೆ ನಾನೂ ಅವಳೂ ಹೋದೆವು. ಬಸ್ಸಿನ ಮಾಲೀಕನನ್ನೂ ಕಂಡಕ್ಟರನ್ನೂ ಕರೆಸಿದ್ದರು. ಬಾಯಿ ತೆರೆಯುವ ಮೊದಲೇ ಕಣ್ಣೀರು ಬರುವ ಸ್ವಭಾವ ನನ್ನದು. ಅವಳೇ ಮಾತಾಡಿದಳು. ಆ ಕೋಣೆಯಲ್ಲಿ ಅಷ್ಟು ಗಂಡಸರ ಮುಂದೆ ಅವಳ ಕೈ ಬುರ್ಖಾದ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಿತ್ತು. ಆದರೂ ಕಂಡದ್ದನ್ನು ಒಂದೂ ಬಿಡದೆ ಹೇಳಿದಳು. ಬೂಟುಗಾಲು, ಹಗ್ಗ ಎಳೆದದ್ದು, ಕುರುಡರನ್ನು ಬಯಲಿನಲ್ಲಿ ಇಳಿಸಿದ್ದು.

"ಜನ ನನ್ನೇ ಹೊಡೆಯಂಗಿದ್ರು ಸಾರ್, ಏನ್ ಮಾಡ್ಲಿ" ಎಂದ ಕಂಡಕ್ಟರ್. ಅವನೂ ಹೆದರಿದ್ದನೆಂದು ನನಗೆ ಅವತ್ತೇ ಗೊತ್ತಿತ್ತು. ಅಧಿಕಾರಿ ಅವರಿಬ್ಬರಿಗೂ ನಿಯಮ ಓದಿ ಹೇಳಿದರು. ಇನ್ನೊಮ್ಮೆ ಹೀಗಾದರೆ ಪರ್ಮಿಟ್ಟಿನ ಮೇಲೆ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಬರೆದುಕೊಟ್ಟರು. ಆ ರೂಟಿನ ಬೇರೆ ಬಸ್ಸಿನವರಿಗೂ ತಿಳಿಸಿದರು. ಹಗ್ಗ ಎಳೆದವನು ಯಾರೆಂದು ಮಾತ್ರ ಪತ್ತೆಯಾಗಲಿಲ್ಲ.

ಯಜಮಾನರು ಮತ್ತೆ ಕೆಲಸಕ್ಕೆ ಹೊರಟರು. ಮೊದಲ ವಾರ ನಾನೂ ಜೊತೆಗೆ ಹೋಗಿ ಬಂದೆ. ಆಮೇಲೆ, "ನೀನು ಬಂದ್ರೆ ನಿನ್ ಭಯಾನೂ ನಾನೇ ಹೊರ್ಬೇಕು, ಮನೇಲಿರು" ಎಂದರು.

ಆ ಸಂಜೆಯಿಂದ ನನ್ನ ನಾಯಿಭಯ ಹೋಯಿತು ಎಂದರೆ ಸುಳ್ಳಾಗುತ್ತದೆ. ಪೊರಕೆಯಿಂದ ತಟ್ಟೆ ತಳ್ಳುವುದನ್ನು ಬಿಟ್ಟಿದ್ದೇನೆ, ಕೈಯಿಂದಲೇ ಇಡುತ್ತೇನೆ. ಅದು ಬಾಯಿ ಹಾಕುವ ಮೊದಲು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಬಸ್ಸಿನ ತಾಯಿ ಎದುರು ಸಿಕ್ಕರೆ ನಿಂತು ಮಾತಾಡುತ್ತೇವೆ. ಅವಳ ಮಗಳು ನಮ್ಮ ಬೀದಿಗೆ ಇನ್ನೂ ಬರುವುದಿಲ್ಲ.

ನಿನ್ನೆ ಬೆಳಿಗ್ಗೆ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಇದ್ದ. ನಾನು ರಸ್ತೆಯ ಈಚೆ ಬದಿಯಲ್ಲಿ ನಿಂತಿದ್ದೆ. "ನಾಯಿ ಯಾರ್ದು?" ಎಂದು ಅವನು ಕೇಳಿದ್ದು ಕೇಳಿಸಿತು. ಯಜಮಾನರು ಏನೋ ಉತ್ತರ ಕೊಟ್ಟರು. ಬಾಗಿಲಲ್ಲಿ ಜನ ತುಂಬಿದ್ದರಿಂದ ಏನೂ ಕಾಣಲಿಲ್ಲ. ಬಸ್ಸು ಹೊರಟುಹೋಯಿತು. ಫೋನನ್ನು ಎರಡು ಕೈಯಲ್ಲೂ ಹಿಡಿದು ಅಲ್ಲೇ ನಿಂತಿದ್ದೆ, ಅದು ಬಡಿದುಕೊಳ್ಳುವ ತನಕ.

"ಸೀಟ್ ಸಿಕ್ತು ಕಣೇ" ಎಂದರು. "ಮನೆಗ್ ಹೋಗು."