ಮುಯ್ಯಾಳಿನ ಸೈಕಲ್ ದಾರಿ

ಕವಲೇದುರ್ಗದ ಕೆಳಗೆ, ಗುಡ್ಡದ ಮೇಲಿದ್ದ ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ಇಳಿಯುವ ದಾರಿ ನೆಟ್ಟಗಿತ್ತು. ಅದೇ ಅದರ ದೋಷವಾಗಿತ್ತು. ಮಳೆಯ ನೀರೂ ಅದೇ ದಾರಿ ಹಿಡಿದು ಮೊಣಕಾಲಾಳದ ಕೊರಕಲು ಮಾಡಿತ್ತು. ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದ ತಂಗಿ ಅದರಲ್ಲಿ ಬಿದ್ದು ಹಲ್ಲು ಮುರಿದುಕೊಂಡಾಗ ಅಪ್ಪಯ್ಯ ಹೇಳಿದರು: “ಇನ್ನೊಂದ್ಸಲ ಬಿದ್ರೆ ಸೈಕಲ್ಲೂ ಇಲ್ಲ, ಸ್ಕೂಲೂ ಇಲ್ಲ.”

ಅದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಾಗರದಲ್ಲಿ ಬಿ.ಎ. ಮುಗಿಸಿದ್ದ ನಾನು, ಮನೆತನದ ಮೊದಲ ಪದವೀಧರನೆಂಬ ಗೌರವ ಹೊತ್ತು, ಕೆಲಸವಿಲ್ಲದೆ ಕುಳಿತಿದ್ದೆ. ಗುಡ್ಡದ ಬುಡದಲ್ಲಿದ್ದ ನೆರೆಯವರಾದ ಕೆಳಮನೆಯವರನ್ನು ಮುಯ್ಯಾಳಿಗೆ ಕರೆದೆವು. ಈಗ ಅವರು ನಮಗಾಗಿ ದುಡಿದರೆ ಮುಂದೆ ನಾವು ಅವರಿಗಾಗಿ ದುಡಿಯಬೇಕು, ಹಣದ ಮಾತಿಲ್ಲ.

ಹಳೆಯ ಕೊರಕಲಿಗೆ ಕಲ್ಲು, ಮುಳ್ಳು ತುಂಬಿದೆವು. ಹೊಸ ದಾರಿಯನ್ನು ಇಳಿಜಾರಿಗೆ ಅಡ್ಡವಾಗಿ ಬಳಸಿ ಬಳಸಿ ಇಳಿಸಿ, ನೀರು ಹರಿದುಹೋಗುವಂತೆ ಹೊರಬದಿಗೆ ತುಸು ವಾಲಿಸಿದೆವು. ನೀರನ್ನು ಪಕ್ಕಕ್ಕೆ ತಿರುಗಿಸಲು ಅಲ್ಲಲ್ಲಿ ಮಣ್ಣಿನ ದಿಬ್ಬ ಹಾಕುವಾಗ ತಂಗಿ ಓಡಿ ಬಂದಳು.

“ಅಣ್ಣಯ್ಯ, ಚೂಪು ಮಾಡ್ಬ್ಯಾಡ, ಗುಂಡಗೆ ಮಾಡು. ಸೈಕಲ್ ಹಾರ್ಬೇಕು.”

“ಹಾರು ಹಾರು, ಇನ್ನೂ ಹಲ್ಲು ಬಾಳ ಉಳಿದಾವೆ,” ಎಂದು ಕೆಳಮನೆಯ ದೊಡ್ಡಮ್ಮ ನಕ್ಕರು. ದಿಬ್ಬಗಳನ್ನು ತುಳಿದು ಗುಂಡಗೆ ಮಾಡಿದವರೂ ಅವರೇ.

ಮಳೆ ಹಿಡಿದರೂ ದಾರಿ ಕೊಚ್ಚಿಹೋಗಲಿಲ್ಲ. ತಂಗಿ ಪ್ರತಿ ದಿಬ್ಬದಲ್ಲೂ ಕೂಗುತ್ತ ಇಳಿಯುತ್ತಿದ್ದಳು. ಆದರೆ ದಾರಿಯನ್ನು ವರ್ಷವರ್ಷವೂ ಸರಿಪಡಿಸಬೇಕಿತ್ತು. ಜನ ಮತ್ತೆ ಬರಬೇಕಾದರೆ ಮುಯ್ಯಿ ತೀರಬೇಕಿತ್ತು.

ಕೆಳಮನೆಯ ನಾಟಿಗೆ ನಾನು ಹೊರಟೆ. ಪದವೀಧರನು ಪಂಚೆ ಎತ್ತಿ ಕಟ್ಟಿ ಇನ್ನೊಬ್ಬರ ಮನೆಗೆ ಹೋಗುವುದು ಸರಿಯಲ್ಲವೆಂದು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟೆ. ಗದ್ದೆಯ ಬಳಿ ಮಡಚಿಕೊಂಡರಾಯಿತೆಂದುಕೊಂಡೆ.

“ಪ್ಯಾಂಟು ಹಾಕ್ಕಂಡು ಬಂದವ್ರಿಗೆ ಸಸಿ ಹೊರ್ಸಾಕಾಗುತ್ತಾ ಮಾರಾಯ್ರೆ? ಕೂತ್ಕಣಿ,” ಎಂದರು ದೊಡ್ಡಮ್ಮ. ನನ್ನನ್ನು ಎತ್ತಿ ಆಡಿಸಿದವರು ಅಂದು ಬಹುವಚನದಲ್ಲಿ ಮಾತನಾಡಿದರು. ಗದ್ದೆಯಂಚಿಗೆ ಕುರ್ಚಿ ಬಂತು. ನಾನು ಏಳಲು ನೋಡಿದಾಗಲೆಲ್ಲ ಕಾಫಿ ಬಂತು. ಎದುರಿಗೆ ಎಲ್ಲರೂ ಬಗ್ಗಿ ನೆಡುತ್ತಿದ್ದರು. ನಾನು ತಲೆ ಎತ್ತದೆ ಲೋಟವನ್ನೇ ನೋಡುತ್ತಿದ್ದೆ.

ಸಂಜೆ ಶಾಲೆಯಿಂದ ಬಂದ ತಂಗಿ ಸೈಕಲ್ ಒರಗಿಸಿ ನನ್ನನ್ನು ನೋಡಿದಳು. ಪುಸ್ತಕದ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಲಂಗ ಎತ್ತಿ ಕಟ್ಟಿ ಕೆಸರಿಗಿಳಿದಳು. ಅವಳಿಗೆ ಯಾರೂ ಕುರ್ಚಿ ತರಲಿಲ್ಲ.

“ಬಾರೆ ಹಲ್ಲುಮುರುಕಿ, ಈ ಸಾಲು ನಿಂದು,” ಎಂದು ದೊಡ್ಡಮ್ಮ ಸಸಿಯ ಕಟ್ಟನ್ನು ಅವಳತ್ತ ಎಸೆದರು.

ಮರುವರ್ಷದ ಬೇಸಿಗೆಯಲ್ಲಿ ಕೆಳಮನೆಯವರು ಗುದ್ದಲಿ ಹಿಡಿದು ಬಂದರು. ಅಂಗಳದಲ್ಲಿ ನಿಂತು ಅವರು ಕರೆದದ್ದು ತಂಗಿಯನ್ನು. ಹಳೆಯ ಪಂಚೆ ಉಟ್ಟು ಸಿದ್ಧನಾಗಿದ್ದರೂ, ನನಗೆ ಕೂಡಲೇ ಹೊಸ್ತಿಲು ದಾಟಲಾಗಲಿಲ್ಲ.