ಫೋನಿನಲ್ಲಿ ಬಂದ ದ್ರಾಕ್ಷಿಯ ವಾಸನೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಮೊದಲು ಎದ್ದುಹೋಗುತ್ತಿದ್ದವಳು ನಾನು. ತೀರಿಕೊಂಡ ಅತ್ತೆ ಕನಸಿನಲ್ಲಿ ಬಂದು ಗ್ಯಾಸ್ ಬಂದ್ ಮಾಡು ಎಂದದ್ದು, ಹೊರಟ ಹೊತ್ತಿಗೆ ಎದೆ ಧಸಕ್ಕೆಂದು ರೈಲು ಹತ್ತದೆ ಉಳಿದದ್ದು. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇವಕ್ಕೇನೂ ಬರವಿಲ್ಲ. "ಎದೆ ಧಸಕ್ಕೆಂದು, ಆಮೇಲೆ ಏನೂ ಆಗದ ದಿನಗಳನ್ನು ಲೆಕ್ಕ ಇಟ್ಟಿದ್ದೀರಾ?" ಎಂದು ಕೇಳಿ ಎಲ್ಲರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನನ್ನ ಹತ್ತಿರವೇ ಒಂದು ಕಥೆ ಇದೆ. ನೀವು ಎದ್ದುಹೋದರೂ ನನಗೆ ಬೇಸರವಿಲ್ಲ.

ನಾನು ಮಹಾಪೆಯ ಒಂದು ಸಂಶೋಧನಾ ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್. ಕ್ಯಾನ್ಸರ್ ಆಪರೇಷನ್ ಆದವರ ಗಾಯಕ್ಕೆ ಸೋಂಕು ತಗಲಿದರೆ, ಅದು ಹೊರಗೆ ಕಾಣಿಸುವ ಮೊದಲೇ ಪತ್ತೆ ಹಚ್ಚಬಹುದೇ ಎಂಬುದು ನಮ್ಮ ಹುಡುಕಾಟ. ಬ್ಯಾಕ್ಟೀರಿಯಾಗಳು ಬೆಳೆಯುವಾಗ ಒಂದೊಂದು ಜಾತಿ ಒಂದೊಂದು ಬಗೆಯ ಆವಿ ಬಿಡುತ್ತದೆ. ಅದನ್ನು ಗುರುತಿಸುವ ಒಂದು ಯಂತ್ರವನ್ನು ನಾವು ಪರೀಕ್ಷಿಸುತ್ತಿದ್ದೇವೆ. ಯಂತ್ರದ ಮೂಗು ಎಂದಿಟ್ಟುಕೊಳ್ಳಿ. ಅದು ಬರುವ ಮೊದಲು ನಮ್ಮ ಕಸುಬಿನವರು ಸ್ವಂತ ಮೂಗನ್ನೇ ನಂಬಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ಪ್ಲೇಟಿನ ಮುಚ್ಚಳ ತೆಗೆದು ಮೂಸಕೂಡದು ಎಂದು ಲ್ಯಾಬಿನ ಗೋಡೆಯ ಮೇಲೆ ಬೋರ್ಡ್ ಇದೆ. ಅದರ ಕೆಳಗೇ ನಿಂತು ಎಲ್ಲರೂ ಮೂಸುತ್ತಾರೆ. ಸ್ಯೂಡೋಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾಕ್ಕೆ ದ್ರಾಕ್ಷಿ ಪೆಪ್ಪರ್‌ಮಿಂಟಿನ ಸಿಹಿ ವಾಸನೆ. ಒಮ್ಮೆ ಕಲಿತರೆ ಮರೆಯುವಂಥದ್ದಲ್ಲ.

ಆದರೆ ನನ್ನ ಮೂಗು ಕೊರೋನಾ ಬಂದುಹೋದಾಗಿನಿಂದ ಸತ್ತೇಹೋಗಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಒಣಮೀನು ಹುರಿದರೂ ಒಂದೇ, ಮಲ್ಲಿಗೆ ಮುಡಿದರೂ ಒಂದೇ. ಹಾಲು ಹಳಸಿದೆಯೋ ಇಲ್ಲವೋ ಎಂದು ಮಗಳನ್ನು ಕರೆದು ಮೂಸಿಸುತ್ತಿದ್ದೆ. ಮೂಗಿಲ್ಲದವಳು ಮೂಗಿನ ಯಂತ್ರಕ್ಕೆ ಪಾಠ ಹೇಳುತ್ತಿದ್ದಾಳೆ ಎಂದು ಲ್ಯಾಬಿನಲ್ಲಿ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ಅಷ್ಟೇನೂ ನಗು ಬರದಿದ್ದರೂ.

ಆಗಲೇ ಸುಧಾಕರಣ್ಣನ ಕೆನ್ನೆಯ ಕ್ಯಾನ್ಸರ್ ಗೊತ್ತಾದದ್ದು. ಅವನು ನನ್ನ ಒಡಹುಟ್ಟಿದ ಅಣ್ಣ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನ ತನಕ ಏರಿದವನು. ಆ ಕೌಂಟರಿನಲ್ಲಿ ಕೂತು ಇಡೀ ದಿನ ಗುಟ್ಕಾ ಜಗಿದವನು. ಠಾಣೆಯ ಆಸ್ಪತ್ರೆಯಲ್ಲಿ ಕೆನ್ನೆಯ ಒಳಭಾಗ ತೆಗೆದು, ಎದೆಯ ಮಾಂಸವನ್ನು ತಂದು ಅಲ್ಲಿ ಹೊಲಿದಿದ್ದರು. ಆ ತೇಪೆ ಹಿಡಿದರೆ ಅವನು ಮತ್ತೆ ಉಣ್ಣುತ್ತಾನೆ, ಮಾತಾಡುತ್ತಾನೆ. ಒಳಗೆ ಸೋಂಕಾಗಿ ತೇಪೆ ಕೊಳೆತರೆ ಎಲ್ಲ ಮೊದಲಿನಿಂದ, ಅದೂ ದೇಹ ತಡೆದುಕೊಂಡರೆ. ಇದು ಮನೆಯಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿದ್ದದ್ದು ನನಗೆ. ಗೊತ್ತಿರುವುದು ಒಂದು ಶಿಕ್ಷೆ ಎಂದು ಅನಿಸಿದ ದಿನಗಳವು.

ಅದೊಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತು. ನಾನು ಅಡುಗೆಮನೆಯಲ್ಲಿದ್ದೆ. ವಾರಿಜತ್ತಿಗೆ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದಳು.

"ಡಾಕ್ಟರ್ ಬಂದು ನೋಡಿ ಹೋದ್ರು ಮಾರಾಯ್ತಿ. ಜ್ವರ ಗಿರ ಏನೂ ಇಲ್ಲ. ನಾಳೆ ಬೆಳಿಗ್ಗೆ ಡಿಸ್ಚಾರ್ಜ್ ಅಂತೆ. ಇಗೋ, ನಿನ್ನ ಅಣ್ಣನನ್ನು ನೋಡು."

ಫೋನು ಅಣ್ಣನ ಕಡೆ ತಿರುಗಿತು. ಮೂಗಿನಲ್ಲಿ ನಳಿಕೆ, ಕತ್ತಿಗೆ ಡ್ರೆಸ್ಸಿಂಗ್. ಕೈಯೆತ್ತಿ ಟಾಟಾ ಮಾಡಿದ. ಅದೇ ಕ್ಷಣಕ್ಕೆ ನನ್ನ ಮೂಗಿಗೆ ದ್ರಾಕ್ಷಿಯ ವಾಸನೆ ಬಂತು.

ಬಂತೋ ಬಂದಹಾಗಾಯಿತೋ ಎಂಬ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಷ್ಟು ಕಾಲ ಏನೂ ಇಲ್ಲದಿದ್ದ ಮೂಗಿಗೆ ಅದು ಹೊಡೆದಂತೆ ಬಂತು. ಮೊದಲು ನನಗಾದದ್ದು ಸಂತೋಷ. ವಾಸನೆ ವಾಪಸ್ಸು ಬಂತು ಎಂದು ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಕುದಿಯುತ್ತಿದ್ದ ಸಾರಿನ ಮೇಲೆ ಬಾಗಿದೆ. ಏನೂ ಇಲ್ಲ. ದ್ರಾಕ್ಷಿ ಮಾತ್ರ ಇತ್ತು. ಮಗಳನ್ನು ಕರೆದು ಇಲ್ಲಿ ದ್ರಾಕ್ಷಿ ವಾಸನೆ ಬರುತ್ತಿದೆಯೇ ಎಂದು ಕೇಳಿದೆ. "ಕುಛ್ ನಹೀ ಆ ರಹಾ ಮಮ್ಮಿ, ಸಿರ್ಫ್ ರಸಮ್," ಎಂದು ಹೋದಳು. ಅವಳಿಗೆ ಬಂದದ್ದು ಸಾರಿನ ವಾಸನೆ ಮಾತ್ರ. ಮನೆಯಲ್ಲಿ ಒಂದು ದ್ರಾಕ್ಷಿಯೂ ಇರಲಿಲ್ಲ.

ಕಾಲ್ ಮುಗಿಯಿತು, ವಾಸನೆಯೂ ಹೋಯಿತು. ಒಂದೇ ಸಲ ಆದದ್ದನ್ನು ನಾವು ಲ್ಯಾಬಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈ ಒರೆಸಿಕೊಂಡು ಅತ್ತಿಗೆಗೆ ಮತ್ತೆ ಕಾಲ್ ಮಾಡಿದೆ. ಅವಳ ಮುಖ ಕಾಣುವವರೆಗೆ ಏನೂ ಇಲ್ಲ. ಅಣ್ಣನನ್ನು ಇನ್ನೊಮ್ಮೆ ತೋರಿಸು ಎಂದೆ. ತೋರಿಸಿದಳು, ಮತ್ತೆ ಬಂತು. ಆಗ ನನಗೆ ಹೆದರಿಕೆಯಾಯಿತು. ಗ್ಯಾಸ್ ಆರಿಸಿ, ಊಟ ಬಡಿಸಿಕೊಳ್ಳಿ ಎಂದು ಮನೆಯವರಿಗೆ ಹೇಳಿ ಹೊರಟೆ.

ಹಳಿ ರಿಪೇರಿಗೆಂದು ಭಾನುವಾರ ಮಾಡುವ ಮೆಗಾಬ್ಲಾಕಿನಿಂದ ಲೋಕಲ್ ರೈಲು ತೆವಳುತ್ತಿತ್ತು. ದಾರಿಯುದ್ದಕ್ಕೂ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ದಿನಾ ಗಾಯದ ಸೋಂಕನ್ನೇ ಯೋಚಿಸುವವಳ ತಲೆ ಕೆಟ್ಟಿದೆ, ಅಷ್ಟೇ, ಎಂದುಕೊಂಡೆ. ಆಸ್ಪತ್ರೆಗೆ ಹೋಗಿ ಅಣ್ಣನ ಮಗ್ಗುಲಲ್ಲೇ ನಿಂತು ಬಾಗಿ ಉಸಿರೆಳೆದುಕೊಂಡಾಗ ಏನೂ ಬರಲಿಲ್ಲ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿಯನ್ನು ಕರೆದು, ನಾನು ಯಾವ ಲ್ಯಾಬಿನವಳು ಎಂದು ಹೇಳಿ, ಡ್ರೆಸ್ಸಿಂಗಿನ ಹತ್ತಿರ ದ್ರಾಕ್ಷಿ ವಾಸನೆ ಬರುತ್ತಿದೆ ಎಂದುಬಿಟ್ಟೆ. ಫೋನಿನಲ್ಲಿ ಬಂತು ಎಂದಿದ್ದರೆ ನನ್ನನ್ನೇ ಬೇರೆ ವಾರ್ಡಿಗೆ ಸೇರಿಸುತ್ತಿದ್ದರು.

ಅವಳು ಮಾಸ್ಕ್ ಇಳಿಸಿ ಮೂಸಿ ನೋಡಿದಳು. "ಜಖಮ್ ಏಕ್‌ದಮ್ ಛಾನ್ ಆಹೆ ಮ್ಯಾಡಮ್," ಎಂದಳು. ಗಾಯ ಚೆನ್ನಾಗಿಯೇ ಇದೆ, ತನಗೆ ಯಾವ ವಾಸನೆಯೂ ಇಲ್ಲ. ಆದರೂ ನಮ್ಮ ಕಸುಬಿನವರ ಮೂಗಿಗೆ ಡಾಕ್ಟರುಗಳಲ್ಲಿ ಸ್ವಲ್ಪ ಮರ್ಯಾದೆ ಇದೆ. ದವಡೆಯ ಕೆಳಗಿನ ಹೊಲಿಗೆಯ ಉದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋದಳು. ಒಂದು ಕಡೆ ಕೈ ನಿಲ್ಲಿಸಿದಳು. ಒಂದು ಹೊಲಿಗೆ ಬಿಚ್ಚಿದಾಗ ಒಳಗಿನಿಂದ ಚೂರು ನೀರು ಒಸರಿತು. ಅದನ್ನು ಪರೀಕ್ಷೆಗೆ ಕಳಿಸಿ, ಡಿಸ್ಚಾರ್ಜ್ ನಿಲ್ಲಿಸಿದರು. ಅಣ್ಣನಿಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಮನೆಗೆ ಹೋಗುವ ಆಸೆಯಿಂದ ಬೆಳಿಗ್ಗೆಯೇ ಚಪ್ಪಲಿ ಮಂಚದ ಕೆಳಗಿನಿಂದ ತೆಗೆಸಿ ಎದುರಿಗೆ ಇಡಿಸಿದ್ದನಂತೆ.

ಅದನ್ನು ಹಾಕಿದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ನೋಡಲು ಆಸ್ಪತ್ರೆಯ ಲ್ಯಾಬಿಗೆ ನಾನೇ ಹೋದೆ. ಪ್ಲೇಟು ಹಸಿರಿಗೆ ತಿರುಗಿತ್ತು, ಅದೂ ಸ್ಯೂಡೋಮೊನಾಸ್‌ನ ಗುರುತೇ. ಅಲ್ಲಿನ ಟೆಕ್ನಿಷಿಯನ್ ಮುಚ್ಚಳ ಎತ್ತಿ ಮೂಸಿ, "ಅಂಗೂರ್," ಎಂದ. ದ್ರಾಕ್ಷಿ. ನನ್ನ ಮೂಗಿನ ಹತ್ತಿರವೂ ಹಿಡಿದ. ನನಗೆ ಏನೂ ಬರಲಿಲ್ಲ.

ಗಾಯವನ್ನು ಬಿಚ್ಚಿ ತೊಳೆದರು, ಸರಿಯಾದ ಔಷಧಿ ಕೊಟ್ಟರು. ತೇಪೆ ಉಳಿಯಿತು, ಅಣ್ಣನೂ ಉಳಿದ. ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ದೊಡ್ಡ ಸರ್ಜನ್‌ರನ್ನು ಕೇಳಿದೆ. ಜ್ವರ ಕಾಣಿಸುವ ಹೊತ್ತಿಗೆ ತೇಪೆ ಕೊಳೆತಿರುತ್ತಿತ್ತು ಎಂದರು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮೂಗಿನ ಡಾಕ್ಟರ ಬಳಿ ಹೋದೆ. ಸತ್ತ ನರ ಮತ್ತೆ ಚಿಗುರುವಾಗ ಇಲ್ಲದ ವಾಸನೆಗಳು ಬರುವುದುಂಟು, ಇದರಲ್ಲಿ ಹೊಸದೇನಿಲ್ಲ ಎಂದರು. ಹಾಗಿದ್ದರೆ ಅದೇ ವಾಸನೆ ಏಕೆ, ಆಗಲೇ ಏಕೆ? ಕಾಕತಾಳೀಯ ಎಂದರು. ನಮ್ಮ ಲ್ಯಾಬಿನ ಮೇಡಂ ಇನ್ನೊಂದು ದಾರಿ ತೋರಿಸಿದರು. ಫೋನಿನಲ್ಲಿ ಅಣ್ಣನ ಕತ್ತಿನಲ್ಲಿ ಏನೋ ಸೂಕ್ಷ್ಮವಾದ ಬಾವು ನಿನ್ನ ಕಣ್ಣಿಗೆ ಬಿದ್ದಿರಬೇಕು, ನಿನಗೆ ತಿಳಿಯದಂತೆ ಕಣ್ಣು ಮೂಗಿಗೆ ಹೇಳಿರಬೇಕು ಎಂದರು. ಇದು ನನಗೆ ಇಷ್ಟವಾದ ಉತ್ತರ. ಆದರೆ ಡಾಕ್ಟರ್ ಹುಡುಗಿಗೆ ಎದುರಿಗೇ ನಿಂತರೂ ಕಾಣದ್ದು, ನೆಟ್‌ವರ್ಕ್ ಸಿಗದೆ ಒಡೆದೊಡೆದು ಬರುತ್ತಿದ್ದ ಚಿತ್ರದಲ್ಲಿ ನನಗೆ ಹೇಗೆ ಕಂಡಿತು? ಅತ್ತಿಗೆಗೆ ಇಂಥ ಯಾವ ಗೊಂದಲವೂ ಇಲ್ಲ. "ನಮ್ಮ ಮನೆಯ ದೈವ ಹೇಳಿಸಿದ್ದು, ಮತ್ತೆಂತ?" ಎಂದು ಊರಿಗೆ ಹರಕೆ ಕಳಿಸಿದಳು.

ಆ ವಾಸನೆ ಮತ್ತೆ ಬಂದಿಲ್ಲ. ಬೇರೆ ಯಾವ ವಾಸನೆಯೂ ಬಂದಿಲ್ಲ. ಅಣ್ಣ ಈಗ ಮೆತ್ತಗಿನ ಅನ್ನ ಉಣ್ಣುತ್ತಾನೆ, ತೊದಲಿದರೂ ಮಾತಾಡುತ್ತಾನೆ. ಕ್ಯಾನ್ಸರ್ ಮರಳಿ ಬಂದಿದೆಯೇ ಎಂದು ನೋಡಲು ಆಗಾಗ ಚೆಕಪ್ ಇರುತ್ತದೆ, ನಾನು ಜೊತೆಗೆ ಹೋಗುತ್ತೇನೆ. ಹೆಸರು ಕೂಗುವವರೆಗೆ ಬೆಂಚಿನ ಮೇಲೆ ಕೂತಿರುವಾಗ ಅವನು ರಿಪೋರ್ಟಿನ ಫೈಲನ್ನು ತೆರೆದು ಮುಚ್ಚುತ್ತಿರುತ್ತಾನೆ. ಆಗ ಕತ್ತನ್ನು ನನ್ನ ಕಡೆ ಬಾಗಿಸಿ, "ಮೂಸಿ ನೋಡು, ಎಂತ ಬರ್ತದೆ?" ಎಂದು ಕೇಳುತ್ತಾನೆ. ನಾನು ದೀರ್ಘವಾಗಿ ಉಸಿರೆಳೆದುಕೊಂಡು, "ಎಂತ ಇಲ್ಲ ಅಣ್ಣ," ಎನ್ನುತ್ತೇನೆ. ಅವನು ಫೈಲನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ. ಹೆಸರು ಕೂಗಿದಾಗ ಎದ್ದು, ನನ್ನನ್ನು ಬೆಂಚಿನ ಮೇಲೇ ಬಿಟ್ಟು, ಒಬ್ಬನೇ ಒಳಗೆ ಹೋಗುತ್ತಾನೆ. ಏನೂ ಇಲ್ಲದ್ದಕ್ಕೆ ವಾಸನೆ ಬರಲಿಲ್ಲವೋ, ಇದ್ದರೂ ನನಗೆ ಬರುವುದಿಲ್ಲವೋ, ಬಾಗಿಲು ತೆರೆದು ಅವನು ಹೊರಗೆ ಬರುವವರೆಗೆ ನನಗೆ ಗೊತ್ತಿರುವುದಿಲ್ಲ.