ಹೊಳೆಯಾಚೆಯ ಅಳು

ಮೇವಿಸ್ ಬಾಟಲಿಯ ಮುಚ್ಚಳಕ್ಕೆ ಒಂದು ಗುಟುಕು ನೀರು ಬಗ್ಗಿಸಿಕೊಂಡು ತುಟಿ ಒದ್ದೆ ಮಾಡಿಕೊಂಡಳು. ಮೂತ್ರಪಿಂಡ ಕೈಕೊಟ್ಟವರಿಗೆ ಕುಡಿಯುವ ನೀರಿಗೂ ಅಳತೆ.

"ನರ್ಸಮ್ಮ ನೋಡಿದ್ರೆ ಮೆಚ್ಕೋತಾಳೆ ಅತ್ತೆ," ಎಂದ ಕಾರು ಓಡಿಸುತ್ತಿದ್ದ ತಮ್ಮನ ಮಗ ಕ್ಲಿಫ್ಟನ್.

"ದಾರಿ ನೋಡ್ಕೊಂಡು ಓಡ್ಸು. ನಿನ್ನ ಮೆಚ್ಚೋಳು ಇನ್ನೂ ಹುಟ್ಟಿಲ್ಲ."

ಆಲಿಸ್ ಸ್ಪ್ರಿಂಗ್ಸ್ ಪೇಟೆಯಿಂದ ತಮ್ಮೂರಿಗೆ ಹೊರಟಾಗ ಇನ್ನೂ ಕತ್ತಲಿತ್ತು. ಡಾಂಬರು ಗಣಿಯ ಗೇಟಿನವರೆಗೆ ಬಂದು ನಿಂತಿತು. ಅಲ್ಲಿಂದಾಚೆ ಬರೀ ಮನುಷ್ಯರಿದ್ದಾರೆ. ಅವರಿಗೆ ಕೆಂಪು ಧೂಳು, ಹಲ್ಲು ಅಲುಗಾಡಿಸುವ ಕಲ್ಲುದಾರಿ ಸಾಕೆಂದು ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ. ರಕ್ತ ಶುದ್ಧಿ ಮಾಡುವ ಯಂತ್ರವನ್ನು ಇಷ್ಟು ದೂರ ತರುವುದು ದುಬಾರಿ ಎಂದವರೂ ಅವರೇ. ಹಾಗಾಗಿ ಊರಿನ ಮುದುಕಿಯರನ್ನೇ ಯಂತ್ರದ ಬಳಿಗೆ ಸಾಗಿಸಿದರು. ಅದು ಯಾರಿಗೆ ದುಬಾರಿಯಾಯಿತೆಂದು ಯಾರೂ ಲೆಕ್ಕ ಹಾಕಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಅರ್ಧ ಊರಿನ ಮಕ್ಕಳಿಗೆ ಗಂಜಿ ಬಡಿಸಿದ ಮೇವಿಸ್ ಈಗ ಪೇಟೆಯ ರೋಗಿಗಳ ಹಾಸ್ಟೆಲಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ವಾರಕ್ಕೆ ಮೂರು ಸಲ ಯಂತ್ರ. ಒಂದು ತಪ್ಪಿದರೂ ಉಸಿರು ಕಟ್ಟುತ್ತದೆ. ಹೋದ ಚಳಿಗಾಲ ತಂಗಿ ತೀರಿಕೊಂಡಾಗ ಮಣ್ಣಿಗೆ ಹೋಗಲಾಗಲಿಲ್ಲ. ಆಸ್ಪತ್ರೆಯ ವಾಹನ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದರು, ಬರಲೇ ಇಲ್ಲ. ತಂಗಿಯ ಮಗಳು ರೊನೆಲ್ ಫೋನಿನಲ್ಲಿ, "ಪೇಟೆ ನಿನ್ನ ನುಂಗಿಬಿಡ್ತು ದೊಡ್ಡವ್ವ, ಇನ್ನು ಬರಬೇಡ," ಎಂದು ಇಟ್ಟುಬಿಟ್ಟಳು. ಆಮೇಲೆ ಮಾತಿಲ್ಲ.

ಅವರ ಪದ್ಧತಿಯಲ್ಲಿ ಸತ್ತವಳ ಹೆಸರನ್ನು ಯಾರೂ ಎತ್ತುವ ಹಾಗಿಲ್ಲ. ದೂರದಿಂದ ಬಂದವರು ನೆಲದ ಮೇಲೆ ಕೂತು ಮನೆಯವರೊಂದಿಗೆ ಅಳಬೇಕು. ಆ ಅಳು ಮುಗಿಯುವವರೆಗೆ ನಂಟು ಮುರಿದಂತೆಯೇ. ಅದಕ್ಕೇ ಇವತ್ತು ಯಂತ್ರಕ್ಕೆ ಬಿಡುವಿರುವ ದಿನ ನೋಡಿ ಹೊರಟದ್ದು. ನಾಳೆ ಬೆಳಿಗ್ಗೆ ಮತ್ತೆ ಸೂಜಿಗೆ ತೋಳು ಕೊಡಲೇಬೇಕು.

ಊರು ಇನ್ನೇನು ಬಂತು ಅನ್ನುವಾಗ ಕ್ಲಿಫ್ಟನ್ ಬ್ರೇಕ್ ಒತ್ತಿದ. ವರ್ಷವಿಡೀ ಮರಳು ಹಾಸಿಕೊಂಡು ಮಲಗುವ ಹೊಳೆ ಸೊಂಟದ ಮಟ್ಟ ಹರಿಯುತ್ತಿತ್ತು. ಬೆಟ್ಟದಾಚೆ ಎಲ್ಲೋ ಮಳೆ ಬಿದ್ದಿರಬೇಕು. ಆಚೆ ದಡದಲ್ಲಿ ಊರ ಅಂಗಡಿಯ ಲಾರಿ ನಿಂತಿತ್ತು.

"ಯಾರದು?" ಎಂದು ಲಾರಿಯ ಮುದುಕ ಕೂಗಿದ.

"ನಾನು, ಮೇವಿಸ್!"

"ಇನ್ನೂ ಬದುಕಿದೀಯೇನೇ?"

"ನಿನ್ನ ಮಣ್ಣು ಮಾಡಿಯೇ ಹೋಗೋದು! ರೊನೆಲ್‌ಗೆ ಹೇಳು, ದೊಡ್ಡವ್ವ ಬಂದವ್ಳೆ, ಹೊಳೆ ಬಿಡ್ತಿಲ್ಲ ಅಂತ!"

ಲಾರಿ ತಿರುಗಿತು. ಮೇವಿಸ್ ಮರದ ನೆರಳಿಗೆ ಕಂಬಳಿ ಹಾಸಿ ಕೂತಳು. ಹೊತ್ತು ಇಳಿಯತೊಡಗಿತು.

"ಬರದಿದ್ರೆ ಹೊರಡೋಣ ಅತ್ತೆ," ಎಂದ ಕ್ಲಿಫ್ಟನ್ ಮೆತ್ತಗೆ.

"ಬರ್ತಾಳೆ." ಆದರೆ ಅವಳ ಕೈ ಅಂಗಿಯ ಅಂಚನ್ನು ಹಿಂಡುತ್ತಿತ್ತು.

ಎರಡು ಕಾರುಗಳ ತುಂಬ ಹೆಂಗಸರು ಬಂದಿಳಿದರು. ಆಚೆ ದಡದಲ್ಲಿ ಒತ್ತೊತ್ತಾಗಿ ಕೂತು ಅಳಲು ಶುರುಮಾಡಿದರು. ಮೇವಿಸ್ ಈಚೆ ದಡದಲ್ಲಿ ಒಬ್ಬಳೇ ಮರಳಿಗೆ ಹಣೆ ಹಚ್ಚಿ ಕೂಗಿದಳು. ಇಷ್ಟು ತಿಂಗಳು ಹಾಸ್ಟೆಲಿನ ದಿಂಬಿನೊಳಗೆ ಅದುಮಿಟ್ಟಿದ್ದ ಅಳು ಅದು. ಹೊಳೆಯ ಸದ್ದನ್ನು ಮೀರಿ ಎರಡೂ ದಡದ ಅಳು ಒಂದಾಯಿತು. ರೊನೆಲ್ ಮಾತ್ರ ಕೂರಲಿಲ್ಲ. ಕಾರಿಗೆ ಒರಗಿ ಕೈಕಟ್ಟಿ ನಿಂತಿದ್ದಳು.

ಮೇವಿಸ್ ತಲೆ ಎತ್ತಿ ನೋಡಿದಳು. ಎದ್ದು ನೀರಿನತ್ತ ಹೆಜ್ಜೆ ಇಟ್ಟಳು.

"ಅತ್ತೆ, ಹುಚ್ಚಾ ನಿಂಗೆ?"

ಆಚೆಯಿಂದ ರೊನೆಲ್ ಕಿರುಚಿದಳು. "ಇಳೀಬೇಡ ದೊಡ್ಡವ್ವ! ನಿಲ್ಲು ಅಲ್ಲೇ! ಅವಳನ್ನ ಹಿಡ್ಕೊಳೋ ದಡ್ಡ!"

ಅಷ್ಟು ಹೇಳಿ ತಾನೇ ಹೊಳೆಗಿಳಿದಳು. ಕ್ಲಿಫ್ಟನ್ ಕಾರಿಗೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ಹಿಡಿದು ಎದುರು ಹೋದ. ನಡುನೀರಿನಲ್ಲಿ ರೊನೆಲಳ ಕಾಲು ಒಮ್ಮೆ ಜಾರಿತು; ಹಗ್ಗ ಕೈಗೆ ಸಿಕ್ಕಿತು. ದಡ ಹತ್ತಿದವಳೇ ಮೇವಿಸಳ ಮಡಿಲಲ್ಲಿ ಒದ್ದೆ ತಲೆಯಿಟ್ಟು ಬಿಕ್ಕಿದಳು. ಇಬ್ಬರೂ ಬಹಳ ಹೊತ್ತು ಅತ್ತರು. ಆಚೆಯವರು ಸುಮ್ಮನಾದ ಮೇಲೂ ಅತ್ತರು.

"ಎಷ್ಟು ಸೊರಗಿದೀಯೇ," ಎಂದಳು ರೊನೆಲ್ ಕೊನೆಗೆ, ಸೂಜಿಯಿಂದ ಗಂಟುಗಟ್ಟಿದ ಆ ತೋಳನ್ನು ಸವರುತ್ತ. "ನೋಯುತ್ತಾ?"

"ಒಬ್ಬಳೇ ಇದ್ದಾಗ."

ಕ್ಲಿಫ್ಟನ್ ಕೆಮ್ಮಿದ. ನೀರು ಎದೆಮಟ್ಟಕ್ಕೆ ಏರಿತ್ತು. "ಇವಳು ವಾಪಸ್ ಹೋಗೋ ಹಾಗಿಲ್ಲ. ನಾವು ಹೊರಡದೇ ಇರೋ ಹಾಗಿಲ್ಲ."

ರೊನೆಲ್ ಹೊಳೆ ನೋಡಿದಳು, ದೊಡ್ಡವ್ವನ ಮುಖ ನೋಡಿದಳು. ಆಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಆಚೆ ದಡಕ್ಕೆ ಕೂಗಿದಳು.

"ನನ್ನ ನಾಯಿಗಳಿಗೆ ಊಟ ಹಾಕ್ರೇ! ಪೇಟೆಯಿಂದ ಬರೋದು ತಡ ಆಗುತ್ತೆ!"